ಬಿಸಿಲು ನೋಡಿಕೊಂಡು ಚೆನ್ನೈ ಸುತ್ತುವುದು: ಮಕ್ಕಳು, ಹಿರಿಯರೊಂದಿಗೆ ಮೂರು ದಿನ

ಕಾರವಾರ, ಮಲ್ಪೆ, ಪಣಂಬೂರಿನ ಕಡಲನ್ನು ಕಂಡು ಬೆಳೆದ ನಮಗೆ ಕಡಲೆಂದರೆ ಸೂರ್ಯ ಮುಳುಗುವ ದಿಕ್ಕು. ಚೆನ್ನೈಯಲ್ಲಿ ಸೂರ್ಯ ಕಡಲಿನಿಂದ ಮೇಲೇರುತ್ತಾನೆ. ಕುಟುಂಬದೊಂದಿಗೆ ಆ ಊರಿಗೆ ಹೊರಡುವವರು ಇದೊಂದನ್ನು ನೆನಪಿಟ್ಟುಕೊಂಡರೆ ಅರ್ಧ ಯೋಜನೆ ತಾನಾಗಿಯೇ ಸಿದ್ಧವಾಗುತ್ತದೆ. ನಸುಕಿನಲ್ಲಿ ಕಡಲು, ನಡುಹಗಲಿನಲ್ಲಿ ಸೂರಿನ ಕೆಳಗೆ, ಇಳಿಹೊತ್ತಿನಲ್ಲಿ ಗುಡಿ ಮತ್ತು ಬೀದಿ ಎಂಬ ಕ್ರಮವನ್ನು ಆ ಊರಿನವರೇ ಪಾಲಿಸುತ್ತಾರೆ. ಪ್ರವಾಸಿಗಳಾದ ನಾವು ಮಾತ್ರ ಹೋಟೆಲಿನಲ್ಲಿ ನಿಧಾನವಾಗಿ ತಿಂಡಿ ಮುಗಿಸಿ ಹತ್ತು ಗಂಟೆಗೆ ಹೊರಬಿದ್ದು, ಮಧ್ಯಾಹ್ನದ ಉರಿಯಲ್ಲಿ ಮರಳಿನ ಮೇಲೆ ನಿಂತಿರುತ್ತೇವೆ.

ನಮ್ಮ ಮೊದಲ ಪ್ರವಾಸದಲ್ಲಿ ನಾನೂ ಇದೇ ತಪ್ಪು ಮಾಡಿದೆ. ಮೇ ತಿಂಗಳ ಒಂದು ದಿನ ಅಮ್ಮನನ್ನೂ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಚೆನ್ನೈಯ ತೆಂಕಣಕ್ಕಿರುವ ಮಹಾಬಲಿಪುರಕ್ಕೆ ಹೋದಾಗ ಗಂಟೆ ಹನ್ನೆರಡಾಗಿತ್ತು. ಅಲ್ಲಿಯ ಪಂಚರಥಗಳೆಂಬ ಕಲ್ಲಿನ ಗುಡಿಗಳಲ್ಲಿ ಎರಡನೆಯದರ ಹತ್ತಿರ ಬರುವಷ್ಟರಲ್ಲಿ ಅಮ್ಮನಿಗೆ ತಲೆಸುತ್ತು ಬಂದು ಕುಸಿದು ಕುಳಿತರು. ಅಲ್ಲಿದ್ದ ಅಪರಿಚಿತ ಮಹಿಳೆಯೊಬ್ಬರು ತಮ್ಮ ಬಾಟಲಿಯ ನೀರಿನಲ್ಲಿ ಸೆರಗು ಒದ್ದೆ ಮಾಡಿ ಅಮ್ಮನ ಕತ್ತಿಗೆ ಒತ್ತಿ ಹಿಡಿದದ್ದನ್ನು ನಾನು ಮರೆತಿಲ್ಲ. ಆಮೇಲೆ ಮೂರು ಬಾರಿ ಅದೇ ಊರಿಗೆ ಹೋಗಿ ಬಂದಿದ್ದೇವೆ, ಅಮ್ಮನೂ ಬಂದಿದ್ದಾರೆ, ಯಾರಿಗೂ ತೊಂದರೆಯಾಗಿಲ್ಲ. ಆ ಅನುಭವದಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಯಾವಾಗ ಹೋಗಬೇಕು

ನಮ್ಮ ಮಳೆಗಾಲದ ಲೆಕ್ಕ ಚೆನ್ನೈಗೆ ಹೊಂದುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರ್ನಾಟಕವನ್ನು ನೆನೆಸುವ ಮುಂಗಾರು ಆ ತೀರಕ್ಕೆ ಹೆಚ್ಚು ಮಳೆ ತರುವುದಿಲ್ಲ. ಅಲ್ಲಿಯ ದೊಡ್ಡ ಮಳೆ ಬರುವುದು ಹಿಂಗಾರಿನಲ್ಲಿ, ಅಂದರೆ ಅಕ್ಟೋಬರ್‌ನಿಂದ ಡಿಸೆಂಬರ್ ನಡುವೆ, ಅದೂ ಎಷ್ಟೋ ಸಲ ಚಂಡಮಾರುತದ ಜೊತೆಗೆ. ಆದ್ದರಿಂದ ಮಕ್ಕಳಿಗೆ ದಸರಾ ರಜೆ ಸಿಕ್ಕಿತೆಂದು ಅಕ್ಟೋಬರ್‌ನಲ್ಲಿ ಟಿಕೆಟ್ ಮಾಡಿಸುವವರು ಮಳೆಗೆ ಸಿಕ್ಕಿಬೀಳುವ ಸಾಧ್ಯತೆಯನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬೇಸಿಗೆ ರಜೆಯ ಕಥೆ ಬೇರೆ. ಮೇ ತಿಂಗಳಲ್ಲಿ ತಮಿಳರು 'ಅಗ್ನಿ ನಕ್ಷತ್ರ' ಅಥವಾ 'ಕತ್ತಿರಿ' ಎಂದು ಕರೆಯುವ ಮೂರು ವಾರಗಳಿಗೂ ಹೆಚ್ಚಿನ ಅವಧಿಯಿರುತ್ತದೆ. ಆಗ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಅಪರೂಪವಲ್ಲ, ಗಾಳಿಯಲ್ಲಿ ತೇವಾಂಶ ಹೆಚ್ಚಿರುವುದರಿಂದ ಬೆವರು ಆರುವುದೂ ಇಲ್ಲ. ಕಲಬುರಗಿ, ರಾಯಚೂರಿನ ಬಿಸಿಲನ್ನು ತಾಳಿಕೊಂಡವರಿಗೂ ಈ ಸೆಕೆ ಹೊಸದೆನಿಸುತ್ತದೆ.

ಡಿಸೆಂಬರ್ ಕೊನೆಯ ವಾರದಿಂದ ಫೆಬ್ರವರಿ ಮುಗಿಯುವವರೆಗಿನ ಕಾಲ ಕುಟುಂಬಕ್ಕೆ ಅತ್ಯಂತ ಅನುಕೂಲವಾದದ್ದು. ಮನೆಯ ಹಿರಿಯರಿಗೆ ಸಂಗೀತದ ಆಸಕ್ತಿಯಿದ್ದರೆ ಧನುರ್ಮಾಸದಲ್ಲಿಯೇ ಹೋಗಿ. 1928ರಲ್ಲಿ ಸ್ಥಾಪನೆಯಾದ ಮ್ಯೂಸಿಕ್ ಅಕಾಡೆಮಿಯೂ ಸೇರಿದಂತೆ ಊರಿನ ಸಂಗೀತ ಸಭೆಗಳಲ್ಲೆಲ್ಲ ಬೆಳಗಿನಿಂದ ರಾತ್ರಿಯವರೆಗೆ ಕಛೇರಿಗಳು ನಡೆಯುತ್ತವೆ, ಹಗಲಿನ ಹಲವು ಕಛೇರಿಗಳಿಗೆ ಟಿಕೆಟ್ ಇರುವುದಿಲ್ಲ. ಅಲ್ಲಿ ಪುರಂದರದಾಸರ ದೇವರನಾಮ ಕಿವಿಗೆ ಬಿದ್ದಾಗ ಪಕ್ಕದಲ್ಲಿ ಕುಳಿತ ಅಮ್ಮನ ಮುಖವನ್ನೊಮ್ಮೆ ನೋಡಿ. ಜನವರಿಯಲ್ಲಿ ತಪ್ಪಿಸಬೇಕಾದ ದಿನ ಒಂದೇ: ಪೊಂಗಲ್ ಹಬ್ಬದ ಕೊನೆಯಲ್ಲಿ ಬರುವ 'ಕಾಣುಂ ಪೊಂಗಲ್'. ಅಂದು ಊರಿಗೆ ಊರೇ ಮರೀನಾ ಕಡಲತೀರದಲ್ಲಿ ಸೇರುವುದರಿಂದ ಚಿಕ್ಕ ಮಕ್ಕಳೊಂದಿಗೆ ಆ ದಿನ ಕಡಲ ಕಡೆ ಹೋಗಬಾರದು.

ವಾರದ ರಜೆಗಳನ್ನು ಜೋಡಿಸಿಕೊಳ್ಳುವುದು

ಇದನ್ನು ಬಹಳ ಮಂದಿ ಗಮನಿಸುವುದಿಲ್ಲ. ಚೆನ್ನೈಯ ನೋಡುವ ಸ್ಥಳಗಳಿಗೆ ಒಂದೇ ದಿನ ರಜೆ ಇರುವುದಿಲ್ಲ. ಮೊಸಳೆ ಉದ್ಯಾನ, ಸ್ವಾಮಿ ವಿವೇಕಾನಂದರು ತಂಗಿದ್ದ ಕಟ್ಟಡವಾದ ವಿವೇಕಾನಂದ ಇಲ್ಲಂ ಮತ್ತು ಮರೀನಾದ ದೀಪಸ್ತಂಭ ಸೋಮವಾರ ಮುಚ್ಚಿರುತ್ತವೆ. ಹಳೆಯ ಮನೆಗಳನ್ನು ಮರುನಿರ್ಮಿಸಿರುವ ಆವರಣವಾದ ದಕ್ಷಿಣಚಿತ್ರ, ವಂಡಲೂರಿನ ಮೃಗಾಲಯ ಮತ್ತು ಗಿಂಡಿಯ ಹಾವಿನ ಉದ್ಯಾನಕ್ಕೆ ಮಂಗಳವಾರ ರಜೆ. ಎಗ್ಮೋರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಹೀಗಿರುವುದರಿಂದ ಭಾನುವಾರಕ್ಕೆ ಒಂದೆರಡು ದಿನ ಸೇರಿಸಿ ಹೋದವರು ಬಾಗಿಲು ಹಾಕಿದ ಜಾಗಗಳನ್ನೇ ನೋಡಿಕೊಂಡು ಬರಬೇಕಾಗುತ್ತದೆ. ನನ್ನ ಸಲಹೆಯೆಂದರೆ ಬುಧವಾರ ಊರು ತಲುಪಿ, ಗುರುವಾರ ನಗರದೊಳಗೆ ಸುತ್ತಾಡಿ, ಶುಕ್ರವಾರ ಮಹಾಬಲಿಪುರದ ದಾರಿ ಹಿಡಿಯುವುದು. ಈ ಮೂರು ದಿನಗಳಲ್ಲಿ ಮುಚ್ಚಿರುವುದು ಶುಕ್ರವಾರದ ವಸ್ತುಸಂಗ್ರಹಾಲಯ ಮಾತ್ರ, ಅದನ್ನು ನೀವು ಗುರುವಾರವೇ ನೋಡಿರುತ್ತೀರಿ.

ಬೆಂಗಳೂರಿನಿಂದ ಚೆನ್ನೈ ಸುಮಾರು 350 ಕಿಲೋಮೀಟರ್. ಸ್ವಂತ ಕಾರಿಗಿಂತ ರೈಲು ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಊರಿನೊಳಗೆ ಕಾರು ನಿಲ್ಲಿಸುವುದು ಕಷ್ಟ, ಮೆಟ್ರೊ ಎರಡನೇ ಹಂತದ ಕಾಮಗಾರಿಯಿಂದ ಅನೇಕ ರಸ್ತೆಗಳ ದಾರಿಯೂ ಬದಲಾಗಿದೆ. 2022ರ ನವೆಂಬರ್‌ನಲ್ಲಿ ಆರಂಭವಾದ ಮೈಸೂರು–ಚೆನ್ನೈ ವಂದೇ ಭಾರತ್, ಶತಾಬ್ದಿ, ಬೃಂದಾವನ, ಲಾಲ್‌ಬಾಗ್, ರಾತ್ರಿ ಹೊರಡುವ ಕಾವೇರಿ ಎಕ್ಸ್‌ಪ್ರೆಸ್ ಹೀಗೆ ಆಯ್ಕೆಗಳು ಬೇಕಾದಷ್ಟಿವೆ. ಮಂಗಳೂರಿನವರಿಗೆ ವೆಸ್ಟ್ ಕೋಸ್ಟ್ ಮತ್ತು ಚೆನ್ನೈ ಮೇಲ್ ಇವೆ. ಎಲ್ಲವೂ ಸೆಂಟ್ರಲ್ ನಿಲ್ದಾಣಕ್ಕೇ ಬರುತ್ತವೆ, ನಿಲ್ದಾಣದ ಪಕ್ಕದಲ್ಲಿಯೇ ನೆಲದಡಿಯ ಮೆಟ್ರೊ ಸಿಗುತ್ತದೆ. ಉಳಿಯಲು ಮೈಲಾಪುರ ಅಥವಾ ರಾಯಪೇಟೆಯ ಸುತ್ತಮುತ್ತ ಕೋಣೆ ಹಿಡಿದರೆ ಕಡಲು, ಗುಡಿ, ಊಟ ಮೂರೂ ಹತ್ತಿರ. ಮಧ್ಯಾಹ್ನ ಕೋಣೆಗೆ ಬಂದು ಒಂದು ಗಂಟೆ ಮಲಗಿ ಏಳುವ ಅನುಕೂಲ ಇರಬೇಕಾದರೆ ಕೋಣೆ ಊರಿನ ನಡುವೆಯೇ ಇರಬೇಕು. ಬಾಡಿಗೆ ಕಡಿಮೆಯೆಂದು ಹೊರವಲಯದಲ್ಲಿ ಉಳಿದವರು ಉಳಿಸಿದ ಹಣವನ್ನು ಆಟೊಗಳಿಗೆ ಕೊಡುತ್ತಾರೆ, ಹಿರಿಯರಿಗೆ ವಿಶ್ರಾಂತಿಯೂ ಸಿಗುವುದಿಲ್ಲ.

ಮೊದಲ ಸಂಜೆ: ಮೈಲಾಪುರ

ತಲುಪಿದ ದಿನ ಕಡಲಿಗೆ ಓಡುವ ಆತುರ ಬೇಡ. ಸಂಜೆ ನಾಲ್ಕೂವರೆಯ ಮೇಲೆ ಕಪಾಲೀಶ್ವರನ ಗುಡಿಗೆ ಹೋಗಿ. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಬಾಗಿಲು ಹಾಕಿರುತ್ತಾರೆ, ತೆರೆದಿದ್ದರೂ ಆ ಹೊತ್ತಿನಲ್ಲಿ ಪ್ರಾಂಗಣದ ಕಲ್ಲಿನ ಮೇಲೆ ಬರಿಗಾಲಿನಲ್ಲಿ ನಡೆಯಲಾಗುವುದಿಲ್ಲ. ಹಿಂದೆ ಕಡಲಿನ ಅಂಚಿನಲ್ಲಿದ್ದ ಗುಡಿ ಪೋರ್ಚುಗೀಸರ ಕಾಲದಲ್ಲಿ ನಾಶವಾದ ಮೇಲೆ ಈಗಿನ ಜಾಗದಲ್ಲಿ ಹೊಸದಾಗಿ ಕಟ್ಟಿದರು. ದರ್ಶನ ಮುಗಿಸಿ ಸುತ್ತಲಿನ ಮಾಡ ಬೀದಿಗಳಲ್ಲಿ ಒಂದು ಗಂಟೆ ನಿಧಾನವಾಗಿ ನಡೆಯಿರಿ. ಹಿತ್ತಾಳೆ ಪಾತ್ರೆ, ಮಲ್ಲಿಗೆ ಮೊಳ, ಗೊಂಬೆ ಹಬ್ಬದ ಗೊಂಬೆ, ಹುರಿದ ಕಾಫಿ ಪುಡಿಯ ಘಮ ಎಲ್ಲವೂ ನಮಗೆ ಪರಿಚಿತವಾದರೂ ಜೋಡಣೆಯಲ್ಲಿ ಬೇರೆಯಾಗಿ ಕಾಣುತ್ತವೆ.

ಊಟದ ವಿಷಯದಲ್ಲಿ ನಮ್ಮವರಿಗೆ ಅಲ್ಲಿ ಪರಕೀಯ ಭಾವ ಬರುವುದಿಲ್ಲ. ಚೆನ್ನೈಗೆ ಹೋಟೆಲ್ ಊಟದ ರುಚಿ ಹತ್ತಿಸಿದವರಲ್ಲಿ ಕರಾವಳಿಯ ಕಡಂದಲೆಯಿಂದ ಬಂದ ಕೆ. ಕೃಷ್ಣರಾವ್ ಪ್ರಮುಖರು, ಅವರು 1930ರ ದಶಕದ ಕೊನೆಯಲ್ಲಿ ಆರಂಭಿಸಿದ ವುಡ್‌ಲ್ಯಾಂಡ್ಸ್ ಹೆಸರು ಇಂದಿಗೂ ಊರಿನಲ್ಲಿದೆ. ಅವರ ಡ್ರೈವ್-ಇನ್ ಹೋಟೆಲ್ ಇದ್ದ ಜಾಗದಲ್ಲಿ ಈಗ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನವಿದೆ. ಅಲ್ಲಿನ ಸಾಂಬಾರಿಗೆ ನಮ್ಮಂತೆ ಬೆಲ್ಲ ಹಾಕುವುದಿಲ್ಲ, ಖಾರ ತುಸು ಹೆಚ್ಚು. ಚಿಕ್ಕ ಮಕ್ಕಳಿಗೆ 'ಕಾರಂ ವೇಂಡಾಂ' ಎಂದು ಹೇಳಿ ಪೊಂಗಲ್ ಅಥವಾ ಮೊಸರನ್ನ ತರಿಸಿ. ನೀರಿಗೆ 'ತಣ್ಣಿ', ಬೆಲೆ ಕೇಳಲು 'ಎವ್ವಳವು', ಸಾಕು ಎನ್ನಲು 'ಪೋದುಂ' ಎಂಬಷ್ಟು ತಿಳಿದಿದ್ದರೆ ವ್ಯವಹಾರ ಸುಗಮವಾಗುತ್ತದೆ.

ಎರಡನೆಯ ದಿನ: ಮರೀನಾದ ಬೆಳಗು

ಚೆನ್ನೈಯಲ್ಲಿ ಜನವರಿಯ ಸೂರ್ಯ ಸುಮಾರು ಆರೂವರೆಗೆ, ಮೇ ತಿಂಗಳ ಸೂರ್ಯ ಐದೂ ಮುಕ್ಕಾಲರ ಹೊತ್ತಿಗೆ ಹುಟ್ಟುತ್ತಾನೆ. ಅದಕ್ಕಿಂತ ಅರ್ಧ ಗಂಟೆ ಮೊದಲೇ ಮರಳಿನ ಮೇಲಿರಬೇಕು. ಮಕ್ಕಳನ್ನು ಎಬ್ಬಿಸುವುದು ಕಷ್ಟವೆಂದು ಇದನ್ನು ಬಿಡಬೇಡಿ, ಹಿಂದಿನ ರಾತ್ರಿ ಒಂಬತ್ತಕ್ಕೆ ಮಲಗಿಸಿದರೆ ಸಾಕು. ದೂರದಲ್ಲಿ ಮೊದಲು ಹಡಗುಗಳ ದೀಪ ಕಾಣುತ್ತದೆ, ಆಮೇಲೆ ಕಡಲು ಮತ್ತು ಆಕಾಶದ ನಡುವೆ ಬೂದು ಗೆರೆಯೊಂದು ಮೂಡುತ್ತದೆ, ಆ ಗೆರೆಯ ಒಂದು ಕಡೆ ಕುಂಕುಮದಂತೆ ಕೆಂಪಾಗುತ್ತದೆ. ನನ್ನ ಮಗಳು ಮೊದಲ ಬಾರಿ ಅದನ್ನು ಕಂಡಾಗ ಮಾತಿಲ್ಲದೆ ನನ್ನ ಬೆರಳು ಹಿಡಿದು ನಿಂತಿದ್ದಳು.

ಮರೀನಾ ಇಷ್ಟು ಅಗಲವಾಗಿರುವುದಕ್ಕೆ ಕಾರಣವಿದೆ, ಅದನ್ನು ಮಕ್ಕಳಿಗೆ ಅಲ್ಲೇ ವಿವರಿಸಬಹುದು. ಈ ತೀರದಲ್ಲಿ ಅಲೆಗಳು ಮರಳನ್ನು ವರ್ಷದ ಬಹುಪಾಲು ತೆಂಕಣದಿಂದ ಬಡಗಣಕ್ಕೆ ಸಾಗಿಸುತ್ತವೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಂದರಿನ ಕಲ್ಲಿನ ಗೋಡೆ ಕಟ್ಟಿದ ಮೇಲೆ ಆ ಮರಳು ಮುಂದೆ ಹೋಗಲಾರದೆ ಗೋಡೆಯ ತೆಂಕಣಕ್ಕೆ ರಾಶಿ ಬಿದ್ದು ಮರೀನಾ ಬೆಳೆಯಿತು, ಬಡಗಣದ ರಾಯಪುರಂ ಕಡೆಯ ತೀರವನ್ನು ಕಡಲು ಕೊರೆಯುತ್ತ ಹೋಯಿತು. ಇಂದು ರಸ್ತೆಯಿಂದ ನೀರಿಗೆ ಸರಾಸರಿ 300 ಮೀಟರ್ ಮರಳು ದಾಟಬೇಕು. ಮಂಡಿನೋವಿರುವ ಹಿರಿಯರಿಗೆ ಅದು ದೊಡ್ಡ ದೂರ, ಕಾಲು ಹೂತುಹೋಗುವುದರಿಂದ ನೆಲದ ಮೇಲಿನ 300 ಮೀಟರಿಗಿಂತ ಎಷ್ಟೋ ಪಟ್ಟು ಆಯಾಸ. ಗಾಲಿಕುರ್ಚಿಯವರಿಗಾಗಿ ಮರಳಿನ ಮೇಲೆ ಹಾಸಿರುವ ಮರದ ಹಾದಿಯನ್ನು ಕೇಳಿಕೊಂಡು ಹೋಗಿ ಅಲ್ಲಿಂದಲೇ ಇಳಿಯಿರಿ. ಇಲ್ಲವಾದರೆ ಹಿರಿಯರನ್ನು ಕಡಲ ಬದಿಯ ಕಾಲುದಾರಿಯ ಕಟ್ಟೆಯ ಮೇಲೆ ಒಬ್ಬರ ಜೊತೆ ಕೂರಿಸಿ, ಉಳಿದವರು ಸರದಿಯ ಮೇಲೆ ನೀರಿನ ಬಳಿ ಹೋಗಿ ಬನ್ನಿ.

ನೀರಿನ ವಿಷಯದಲ್ಲಿ ಸಡಿಲಿಕೆ ಬೇಡವೇ ಬೇಡ. ಮರೀನಾದಲ್ಲಿ ಈಜಲು ಅನುಮತಿಯಿಲ್ಲ, ಅದಕ್ಕೆ ಸರಿಯಾದ ಕಾರಣವೂ ಇದೆ. ದಡದ ಅಂಚಿನಲ್ಲಿ ನೆಲ ಹಠಾತ್ತನೆ ಇಳಿಜಾರಾಗುತ್ತದೆ, ಒಳಸೆಳೆತ ಬಲವಾಗಿದೆ. ಪಾದ ನೆನೆಯುವಷ್ಟು ನೀರಿನಲ್ಲಿ ನಿಂತು ನೋಡಿ: ಅಲೆ ಹಿಂದಿರುಗುವಾಗ ಹಿಮ್ಮಡಿಯ ಕೆಳಗಿನ ಮರಳು ಜಾರಿಹೋಗಿ ಗುಳಿ ಬೀಳುತ್ತದೆ, ದೊಡ್ಡವರೇ ಒಂದು ಹೆಜ್ಜೆ ತತ್ತರಿಸುತ್ತಾರೆ. ಐದು ವರ್ಷದ ಮಗುವಿನ ತೂಕಕ್ಕೆ ಆ ಸೆಳೆತ ಏನು ಮಾಡಬಲ್ಲದೆಂದು ಅಲ್ಲಿ ನಿಂತಾಗ ತಿಳಿಯುತ್ತದೆ. ಒಂದು ಮಗುವಿಗೆ ಒಬ್ಬ ದೊಡ್ಡವರು, ಬೆರಳಿನ ಬದಲು ಮಣಿಕಟ್ಟನ್ನು ಹಿಡಿಯುವುದು, ಕಣಕಾಲಿಗಿಂತ ಆಳಕ್ಕೆ ಹೋಗದಿರುವುದು, ಫೋಟೊಗಾಗಿ ಕಡಲಿಗೆ ಬೆನ್ನು ತಿರುಗಿಸದಿರುವುದು, ಇವಿಷ್ಟನ್ನು ಮನೆಯಲ್ಲಿಯೇ ಎಲ್ಲರಿಗೂ ಹೇಳಿ ಒಪ್ಪಿಸಿಕೊಂಡು ಹೊರಡಬೇಕು. ಗುಂಪಿನಲ್ಲಿ ಮಗು ತಪ್ಪಿಸಿಕೊಂಡರೆ ಎಂಬ ಚಿಂತೆಯಿದ್ದರೆ ಅಂಗೈ ಹಿಂಭಾಗದಲ್ಲಿ ಪೆನ್ನಿನಿಂದ ದೂರವಾಣಿ ಸಂಖ್ಯೆ ಬರೆಯಿರಿ, ಗಾಂಧಿ ಪ್ರತಿಮೆಯನ್ನು ಎಲ್ಲರೂ ಮರಳಿ ಸೇರುವ ಜಾಗವೆಂದು ತೋರಿಸಿಡಿ.

ಎಂಟು ಗಂಟೆಗೆ ಬಿಸಿಲು ಚುರುಕಾಗುತ್ತದೆ, ಆಗ ಮರಳನ್ನು ಬಿಟ್ಟುಬಿಡಿ. ತಿಂಡಿಗೆ ತಿರುವಲ್ಲಿಕ್ಕೇಣಿಗೆ ಹೋದರೆ ಸಾಂಬಾರಿನಲ್ಲಿ ಮುಳುಗಿದ ಇಡ್ಲಿಯೂ ಪಾರ್ಥಸಾರಥಿಯ ಗುಡಿಯೂ ಒಟ್ಟಿಗೆ ಸಿಗುತ್ತವೆ. ಅಲ್ಲಿಯ ಮೂಲಮೂರ್ತಿಗೆ ಮೀಸೆಯಿದೆ. ಮೊದಲೇ ಹೇಳದೆ ಮಕ್ಕಳೇ ಗುರುತಿಸಲಿ ಎಂದು ಕಾಯಿರಿ. ಅಲ್ಲಿಂದ ಕಡಲ ರಸ್ತೆಯಲ್ಲಿರುವ ವಿವೇಕಾನಂದ ಇಲ್ಲಂಗೆ ಬನ್ನಿ. 1842ರಲ್ಲಿ ಇದನ್ನು ಕಟ್ಟಿದ್ದು ಮಂಜುಗಡ್ಡೆ ಇಡುವುದಕ್ಕೆ. ಅಮೆರಿಕದ ಬಾಸ್ಟನ್ ಕಡೆಯ ಕೆರೆಗಳು ಚಳಿಗಾಲದಲ್ಲಿ ಹೆಪ್ಪುಗಟ್ಟಿದಾಗ ಕತ್ತರಿಸಿದ ಮಂಜುಗಡ್ಡೆಯನ್ನು ಮರದ ಹೊಟ್ಟಿನಲ್ಲಿ ಹುದುಗಿಸಿ, ತಿಂಗಳುಗಟ್ಟಲೆ ಹಡಗಿನಲ್ಲಿ ತಂದು ಇಲ್ಲಿ ಇಳಿಸುತ್ತಿದ್ದರು. 1897ರಲ್ಲಿ ಸ್ವಾಮಿ ವಿವೇಕಾನಂದರು ಪಶ್ಚಿಮದಿಂದ ಮರಳಿ ಬಂದಾಗ ಒಂಬತ್ತು ದಿನ ತಂಗಿದ್ದದ್ದು ಇದೇ ಕಟ್ಟಡದಲ್ಲಿ. ಬೆವರು ಸುರಿಯುತ್ತಿರುವ ಹೊತ್ತಿನಲ್ಲಿ ಮಂಜುಗಡ್ಡೆಯ ಕಥೆ ಹೇಳಿದರೆ ಮಕ್ಕಳು ಎಲ್ಲೂ ಅಲುಗದೆ ಕೇಳುತ್ತಾರೆ.

ಹನ್ನೊಂದರಿಂದ ಎರಡರವರೆಗಿನ ಹೊತ್ತಿಗೆ ಎಗ್ಮೋರಿನ ವಸ್ತುಸಂಗ್ರಹಾಲಯ. 1851ರಲ್ಲಿ ಆರಂಭವಾದ ಈ ಸಂಸ್ಥೆಯಲ್ಲಿ ಅನೇಕ ಕಟ್ಟಡಗಳಿವೆ, ಎಲ್ಲವನ್ನೂ ನೋಡುವ ಹಟ ಬೇಡ. ಕಂಚಿನ ಮೂರ್ತಿಗಳ ವಿಭಾಗಕ್ಕೆ ಮೊದಲು ಹೋಗಿ ಚೋಳರ ಕಾಲದ ನಟರಾಜನ ಎದುರು ಹತ್ತು ನಿಮಿಷ ನಿಲ್ಲಿ. ಆಮೇಲೆ ಅಮರಾವತಿಯ ಬೌದ್ಧ ಶಿಲ್ಪಗಳು, ಮಕ್ಕಳಿಗೆ ತಿಮಿಂಗಿಲದ ಎಲುಬು. ಅಷ್ಟಕ್ಕೇ ಹೊರಬಂದು ಊಟ ಮಾಡಿ ಕೋಣೆಗೆ ಮರಳಿ ಮಲಗಿ.

ಬೇಸಿಗೆಯ ದಿನಗಳಲ್ಲಿ ಚೆನ್ನೈಯವರು ಮಧ್ಯಾಹ್ನದ ಕಡಲ ಗಾಳಿಗಾಗಿ ಕಾಯುತ್ತಾರೆ. ನೆಲ ಕಾದು ಮೇಲಿನ ಗಾಳಿ ಹಗುರಾದಾಗ ಕಡಲಿನ ತಂಪು ಗಾಳಿ ಒಳಗೆ ನುಗ್ಗುತ್ತದೆ, ಅದು ತಡವಾದ ದಿನ ಊರು ಇನ್ನಷ್ಟು ಬೇಯುತ್ತದೆ. ಸಂಜೆ ಐದಕ್ಕೆ ಬೆಸಂಟ್ ನಗರದ ಎಲಿಯಟ್ಸ್ ಬೀಚಿಗೆ ಹೋಗಿ ಆ ಗಾಳಿಗೆ ಮುಖವೊಡ್ಡಿ ಕುಳಿತುಕೊಳ್ಳಿ. ಮರೀನಾಕ್ಕಿಂತ ಚಿಕ್ಕದಾದರೂ ಹಿರಿಯರಿಗೆ ನೀರು ಹತ್ತಿರ. ಕಾಗದದ ಪೊಟ್ಟಣದಲ್ಲಿ ಕೊಡುವ 'ತೇಂಗಾ ಮಾಂಗಾ ಪಟ್ಟಾಣಿ ಸುಂಡಲ್' ತಪ್ಪದೆ ತಿನ್ನಿ. ಬೆಂದ ಬಟಾಣಿಗೆ ತೆಂಗಿನಕಾಯಿ ಚೂರು, ಮಾವಿನಕಾಯಿಯ ಹುಳಿ ಮತ್ತು ಒಗ್ಗರಣೆ ಸೇರಿದ ಅದು ನಮ್ಮ ಉಸಲಿಯ ನೆಂಟ.

ಮೂರನೆಯ ದಿನ: ದೂರದಿಂದ ಹತ್ತಿರಕ್ಕೆ

ಈಸ್ಟ್ ಕೋಸ್ಟ್ ರಸ್ತೆಯಲ್ಲಿ ನಗರದಿಂದ ತೆಂಕಣಕ್ಕೆ ಹೊರಟರೆ ಮೊದಲು ಮುಟ್ಟುಕಾಡಿನ ದಕ್ಷಿಣಚಿತ್ರ, ಆಮೇಲೆ ಮೊಸಳೆ ಉದ್ಯಾನ, ಕೊನೆಗೆ ಸುಮಾರು 55 ಕಿಲೋಮೀಟರ್ ದೂರದಲ್ಲಿ ಮಹಾಬಲಿಪುರ ಬರುತ್ತವೆ. ದಾರಿಯಲ್ಲಿ ಸಿಕ್ಕಿದ ಕ್ರಮದಲ್ಲಿ ನೋಡುತ್ತ ಹೋದವರು ಮಹಾಬಲಿಪುರವನ್ನು ಉರಿಬಿಸಿಲಿನಲ್ಲಿ ತಲುಪುತ್ತಾರೆ, ನಾನು ಅಮ್ಮನನ್ನು ಕರೆದೊಯ್ದದ್ದು ಹಾಗೆಯೇ. ಕ್ರಮವನ್ನು ತಿರುಗಿಸಬೇಕು. ಬೆಳಗ್ಗೆ ಐದೂವರೆಗೆ ಹೊರಟು ಎಲ್ಲಿಯೂ ನಿಲ್ಲದೆ ನೇರವಾಗಿ ಕೊನೆಯ ಊರಿಗೆ ಹೋಗಿ, ಹಿಂದಿರುಗುವಾಗ ಒಂದೊಂದನ್ನೇ ನೋಡುತ್ತ ಬನ್ನಿ. ಬಾಡಿಗೆ ಕಾರಿನವರ ಜೊತೆ ಗಂಟೆ, ಕಿಲೋಮೀಟರ್, ಟೋಲ್ ಮತ್ತು ಪಾರ್ಕಿಂಗ್ ಶುಲ್ಕ ಯಾರದೆಂಬುದನ್ನು ಹಿಂದಿನ ದಿನವೇ ಮಾತಾಡಿ ಬರಹದಲ್ಲಿ ಇಟ್ಟುಕೊಳ್ಳಿ.

ಮಹಾಬಲಿಪುರದ ಸ್ಮಾರಕಗಳು 1984ರಿಂದ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಕಡಲ ತೀರದ ಗುಡಿಗೂ ಪಂಚರಥಗಳಿಗೂ ಒಂದೇ ಟಿಕೆಟ್, ಅದೇ ದಿನ ಎರಡೂ ಕಡೆ ನಡೆಯುತ್ತದೆ. 15 ವರ್ಷದೊಳಗಿನವರಿಗೆ ಟಿಕೆಟ್ ಬೇಡ. ಕನ್ನಡಿಗರಿಗೆ ಮಾಮಲ್ಲಪುರ ಎಂಬ ಈ ಊರಿನ ಇನ್ನೊಂದು ಹೆಸರಿನ ಹಿಂದೆ ನಮ್ಮ ಇತಿಹಾಸದ ನೋವಿನ ಪುಟವೊಂದಿದೆ. 'ಮಾಮಲ್ಲ' ಎಂಬ ಬಿರುದಿನ ಪಲ್ಲವ ನರಸಿಂಹವರ್ಮನೇ ಇಮ್ಮಡಿ ಪುಲಕೇಶಿಯನ್ನು ಸೋಲಿಸಿ 642ರಲ್ಲಿ ಬಾದಾಮಿಯನ್ನು ಹಿಡಿದವನು. ನೂರು ವರ್ಷದ ಆಚೆ ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದಾಗ ಕೈಲಾಸನಾಥನ ಗುಡಿಯನ್ನು ಕೊಳ್ಳೆ ಹೊಡೆಯದೆ, ಅಲ್ಲಿಯ ಕಂಬದ ಮೇಲೆ ಕನ್ನಡ ಶಾಸನ ಬರೆಯಿಸಿ ಬಂದ. ಕಂಚಿಯನ್ನು ಈ ಮೂರು ದಿನಗಳಲ್ಲಿ ತುರುಕಬೇಡಿ, ಅದಕ್ಕೊಂದು ಪೂರ್ತಿ ದಿನ ಬೇಕು.

ಮೊದಲು ಗಂಗಾವತರಣದ ಬಂಡೆಯ ಎದುರು ನಿಲ್ಲಿ. ಅದು ಮೂಡಣಕ್ಕೆ ಮುಖ ಮಾಡಿರುವುದರಿಂದ ಬೆಳಗಿನ ಬೆಳಕು ನೇರವಾಗಿ ಬೀಳುತ್ತದೆ. ಎರಡು ಬಂಡೆಗಳ ನಡುವಿನ ಬಿರುಕೇ ನದಿ, ಅದರಲ್ಲಿ ನಾಗರು ಈಜುತ್ತಿದ್ದಾರೆ. ಎಡಗಡೆ ಮೇಲೆ ಒಂಟಿಕಾಲಿನಲ್ಲಿ ನಿಂತ ತಪಸ್ವಿ. ಬಲಗಡೆ ಕೆಳಗೆ ಆನೆಯ ದಂತದ ಹತ್ತಿರ ಹುಡುಕಿದರೆ ಬೆಕ್ಕೊಂದು ಅದೇ ತಪಸ್ವಿಯಂತೆ ಕೈಗಳನ್ನು ಮೇಲೆತ್ತಿ ನಿಂತಿದೆ, ಅದರ ಕಾಲಬುಡದಲ್ಲಿ ಇಲಿಗಳಿವೆ. ಪಕ್ಕದ ಕೃಷ್ಣ ಮಂಟಪದಲ್ಲಿ ಹಾಲು ಕರೆಯುವವನ ಎದುರು ಹಸು ತನ್ನ ಕರುವನ್ನು ನೆಕ್ಕುತ್ತಿದೆ. ಈ ಬೆಕ್ಕನ್ನೂ ಹಸುವನ್ನೂ ಹುಡುಕುವ ಕೆಲಸವನ್ನು ಮಕ್ಕಳಿಗೆ ವಹಿಸಿದರೆ ಅರ್ಧ ಗಂಟೆ ಹೇಗೆ ಕಳೆಯಿತೆಂದು ತಿಳಿಯುವುದಿಲ್ಲ. ಪಂಚರಥಗಳಲ್ಲಿಯೂ ಹೀಗೆಯೇ: ನಕುಲ ಸಹದೇವರ ರಥದ ಹಿಂಭಾಗ ಗುಂಡಾಗಿದೆ, ಆ ಆಕಾರವನ್ನು ಗಜಪೃಷ್ಠ ಎನ್ನುತ್ತಾರೆ, ಅದರ ಪಕ್ಕದಲ್ಲಿಯೇ ನಿಜವಾದ ಗಾತ್ರದ ಕಲ್ಲಾನೆ ನಿಂತಿದೆ. ಆನೆಯ ಬೆನ್ನನ್ನೂ ರಥದ ಬೆನ್ನನ್ನೂ ಒಟ್ಟಿಗೆ ನೋಡಿದ ಮಗುವಿಗೆ ಐಹೊಳೆಯ ದುರ್ಗ ಗುಡಿಯನ್ನು ತೋರಿಸಿದಾಗ ವಿವರಣೆ ಬೇಕಾಗುವುದಿಲ್ಲ.

ಹತ್ತೂವರೆಯೊಳಗೆ ಅಲ್ಲಿಂದ ಹೊರಟುಬಿಡಿ. ಮೊಸಳೆ ಉದ್ಯಾನದಲ್ಲಿ ಮರಗಳ ನೆರಳಿದೆ, ಒಂದು ಗಂಟೆ ಸಾಕು. ನಡುಹಗಲನ್ನು ದಕ್ಷಿಣಚಿತ್ರದಲ್ಲಿ ಕಳೆಯಿರಿ. ತೆಂಕಣ ನಾಡುಗಳ ಹಳೆಯ ಮನೆಗಳನ್ನು ಮರುನಿರ್ಮಿಸಿರುವ, 1996ರಲ್ಲಿ ತೆರೆದ ಈ ಆವರಣದಲ್ಲಿ ನಮ್ಮ ಇಳಕಲ್ಲಿನ ನೇಕಾರರ ಮನೆಯೂ ಇದೆ. ಕಲ್ಲಿನ ಗೋಡೆಯ ಆ ಮನೆಯೊಳಗೆ ಕಾಲಿಟ್ಟಾಗ ತಂಪು ಮುಟ್ಟುತ್ತದೆ; ತಮಿಳುನಾಡಿನ ಜಗಲಿಯ ಮನೆ, ಕೇರಳದ ಮರದ ಮನೆಗಳ ಜೊತೆ ಹೋಲಿಸಿದರೆ ಪ್ರತಿ ನಾಡೂ ಬಿಸಿಲನ್ನು ಬೇರೆ ಬೇರೆ ರೀತಿಯಲ್ಲಿ ತಡೆದದ್ದು ಕಣ್ಣಿಗೆ ಕಾಣುತ್ತದೆ.

ಚೀಲದಲ್ಲಿ ಇರಬೇಕಾದದ್ದು

ತೆಳು ಹತ್ತಿಯ ಬಟ್ಟೆ, ಅಗಲ ಅಂಚಿನ ಟೋಪಿ, ಹಿರಿಯರಿಗೆ ಕೊಡೆ, ಒದ್ದೆ ಮಾಡಿ ಕತ್ತಿಗೆ ಸುತ್ತಿಕೊಳ್ಳಲು ಒಬ್ಬೊಬ್ಬರಿಗೆ ಒಂದೊಂದು ಪಂಚೆ ತುಂಡು. ಬಾಯಾರಿಕೆಯಾಗುವವರೆಗೆ ಕಾಯದೆ ಅರ್ಧ ಗಂಟೆಗೊಮ್ಮೆ ನೀರು ಕುಡಿಸಿ, ದಿನಕ್ಕೊಮ್ಮೆಯಾದರೂ ಒಆರ್‌ಎಸ್ ಅಥವಾ ಉಪ್ಪು ಹಾಕಿದ ಮಜ್ಜಿಗೆ ಕೊಡಿ. ಎಳನೀರು ಎಲ್ಲೆಡೆ ಸಿಗುತ್ತದೆ, ಬೇಸಿಗೆಯಲ್ಲಿ ದಾರಿಬದಿಯಲ್ಲಿ ತಾಟಿನುಂಗು ಕೂಡ. ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಹೊರಡುವ ಮೊದಲು ತಮ್ಮ ವೈದ್ಯರನ್ನು ಕೇಳುವುದು ಅಗತ್ಯ. ಬೆವರು ನಿಂತು ಮೈ ಬಿಸಿಯಾಗಿ ಮಾತು ತೊದಲಿದರೆ ಅದನ್ನು ಆಯಾಸವೆಂದು ಭಾವಿಸದೆ, ನೆರಳಿಗೆ ತಂದು ಮೈಮೇಲೆ ನೀರು ಹಾಕುತ್ತಲೇ 108ಕ್ಕೆ ಕರೆ ಮಾಡಬೇಕು.

ಕೊನೆಯ ದಿನ ರಾತ್ರಿಯ ರೈಲಿದ್ದು ಕೋಣೆಯನ್ನು ಮಧ್ಯಾಹ್ನವೇ ಬಿಡಬೇಕಾದರೆ ಸಾಮಾನನ್ನು ಸೆಂಟ್ರಲ್ ನಿಲ್ದಾಣದ ಕ್ಲೋಕ್ ರೂಮಿನಲ್ಲಿ ಇಡಬಹುದು. ಬೀಗ ಹಾಕದ ಚೀಲಗಳನ್ನು ಅಲ್ಲಿ ತೆಗೆದುಕೊಳ್ಳುವುದಿಲ್ಲವಾದ್ದರಿಂದ ಪ್ರತಿ ಚೀಲಕ್ಕೂ ಒಂದು ಚಿಕ್ಕ ಬೀಗವನ್ನು ಮನೆಯಿಂದಲೇ ತನ್ನಿ, ಪ್ರಯಾಣದ ಟಿಕೆಟ್ಟನ್ನೂ ಗುರುತಿನ ಚೀಟಿಯನ್ನೂ ಕೈಚೀಲದಲ್ಲಿ ಬೇರೆಯಾಗಿ ಇಟ್ಟುಕೊಳ್ಳಿ. ಮಕ್ಕಳ ಚಪ್ಪಲಿಗೆ ಅಂಟಿದ ಮರಳನ್ನು ನಲ್ಲಿಯಲ್ಲಿ ತೊಳೆದು, ಮೊಸರನ್ನದ ಪೊಟ್ಟಣ ಕಟ್ಟಿಸಿಕೊಂಡು ರೈಲು ಹತ್ತಿ.